ಜನನ, ವಿವಾಹ, ಮರಣ ದಾಖಲೆಗಳು ಮತ್ತು ಜಾನಪದ ಸಂಶೋಧನ ವಿದ್ಯಾರ್ಥಿ

ಒಂದು ಊರಿನ ಜನಜೀವನವನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿಗೆ ಹುಟ್ಟು, ಮದುವೆ, ಸಾವುಗಳ ಮಾಹಿತಿ ಎರಡು ಮೂಲಗಳಿಂದ ದೊರೆಯುತ್ತದೆ. ಒಂದು ಜನರ ನೆನಪು. ಇನ್ನೊಂದು ಬರೆದಿಟ್ಟ ದಾಖಲೆ. ಜಾನಪದ ಕ್ಷೇತ್ರಕಾರ್ಯ ಬಹುಮಟ್ಟಿಗೆ ಮೊದಲನೆಯದನ್ನೇ ನೆಚ್ಚಿಕೊಂಡು ಬಂದಿದೆ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ಯಾವುದು ಏನನ್ನು ಉಳಿಸಿಕೊಂಡಿದೆ, ಯಾರನ್ನು ಕೈಬಿಟ್ಟಿದೆ ಎಂಬುದು ಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ ಇಂತಹ ದಾಖಲೆಗಳು ಒಂದೇ ಬಗೆಯವಲ್ಲ. ದೇಶಕ್ಕೆಲ್ಲ ಏಕರೂಪವಾಗಿ ಜನನ ಮರಣಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ್ದು 1969ರ ಕಾಯ್ದೆ. ಕರಾವಳಿಯ ಕ್ಯಾಥೊಲಿಕ್ ಇಗರ್ಜಿಗಳು ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ಪುಸ್ತಕಗಳನ್ನು ಪ್ರತ್ಯೇಕವಾಗಿ ಇಡುತ್ತ ಬಂದಿವೆ. ಇವೆರಡಕ್ಕೂ ಹೊರತಾಗಿ ಹೆಳವರ ಪರಂಪರೆಯಿದೆ. ಎತ್ತಿನ ಮೇಲೆ ಊರೂರು ತಿರುಗಿ, ಒಕ್ಕಲುಗಳ ಮನೆಯಂಗಳದಲ್ಲಿ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಕಾಳು, ಹಣ ಪಡೆಯುವುದು ಇವರ ವೃತ್ತಿ. ಇಲ್ಲಿ ಹೇಳಿಕೆ ಮತ್ತು ಬರಹ ಬೇರೆಬೇರೆಯಲ್ಲ. ಆದರೆ ವಂಶಾವಳಿ ಗಂಡು ಸಂತತಿಯ ಎಳೆಯನ್ನು ಹಿಡಿದು ಸಾಗುವುದರಿಂದ ಹೆಣ್ಣುಮಕ್ಕಳೂ ಎಳವೆಯಲ್ಲೇ ತೀರಿಕೊಂಡ ಕೂಸುಗಳೂ ಅದರಿಂದ ಮರೆಯಾಗುವ ಸಂಭವ ಹೆಚ್ಚು. ಸರಕಾರಿ ನೋಂದಣಿ ಪುಸ್ತಕದ ಬೆಲೆ ತಿಳಿಯುವುದು ಇಲ್ಲಿಯೇ. ಒಂದು ದಿನ ಬದುಕಿದ ಹೆಣ್ಣುಕೂಸಿಗೂ ಅಲ್ಲಿ ಒಂದು ಸಾಲು ಮೀಸಲು.

ಹೆಸರಿಡುವ ಪದ್ಧತಿಯನ್ನು ನಿದರ್ಶನವಾಗಿ ನೋಡಬಹುದು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿಯಿತ್ತು. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದರೆ 'ಸಾಕು' ಎಂಬ ಭಾವದಲ್ಲಿ ಸಾಕಮ್ಮ ಎಂದು ಹೆಸರಿಡುವುದೂ ಉಂಟು. ಈ ಹೇಳಿಕೆಗಳನ್ನು ಪರಿಶೀಲಿಸಲು ಸಾಧ್ಯ. ಒಂದೇ ತಂದೆತಾಯಿಯರ ಹೆಸರಿನಲ್ಲಿರುವ ಜನನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಮರಣ ಪುಸ್ತಕದೊಡನೆ ತಾಳೆ ನೋಡಿದರೆ ತಿಪ್ಪಯ್ಯನಿಗಿಂತ ಮೊದಲು ಎಷ್ಟು ಮಕ್ಕಳು ತೀರಿಕೊಂಡಿದ್ದರು ಎಂಬುದು ತಿಳಿಯುತ್ತದೆ. ಹಿಂದೆ ಸಾವೇ ಇಲ್ಲದಿದ್ದರೆ, ಆ ಹೆಸರು ಅಜ್ಜನಿಂದಲೋ ಮನೆದೇವರಿಂದಲೋ ಬಂದಿರಬಹುದು. ಇಲ್ಲಿ ಒಂದು ತೊಡಕಿದೆ. ಹೆಸರಿಡುವ ಮೊದಲೇ ಜನನ ದಾಖಲಾಗುವುದರಿಂದ ಅನೇಕ ಕಡೆ ಹೆಸರಿನ ಅಂಕಣ ಖಾಲಿ ಇರುತ್ತದೆ. ಆ ಖಾಲಿ ಜಾಗವನ್ನು ಶಾಲಾ ದಾಖಲಾತಿ ಪುಸ್ತಕದಿಂದಲೂ ಮನೆಯ ಹಿರಿಯರ ಮಾತಿನಿಂದಲೂ ತುಂಬಬೇಕಾಗುತ್ತದೆ.

ಕಾಲನಿರ್ಣಯದಲ್ಲಿಯೂ ಎಚ್ಚರ ಅಗತ್ಯ. ಹಿರಿಯರು ವಯಸ್ಸನ್ನು ಇಸವಿಯಿಂದ ಹೇಳದೆ ಊರಿನ ಕಷ್ಟಕಾಲದಿಂದ ಹೇಳುತ್ತಿದ್ದರು. 'ಧಾತು ಈಶ್ವರ ಬರ' ಎಂದರೆ 1876-78ರ ಕ್ಷಾಮ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆದರೆ ಮುಂದೆಯೂ ಅದು ಹಲವೆಡೆ ಮರುಕಳಿಸಿದ್ದರಿಂದ 'ಪ್ಲೇಗಿನ ವರ್ಷ' ಎಂಬುದು ಎಲ್ಲ ಊರಿಗೂ ಒಂದೇ ಆಗಿರಲಾರದು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ಕಾಳಯುಕ್ತಿ ಎಂದರೆ 1858 ಆಗಬಹುದು, ಇನ್‌ಫ್ಲುಯೆಂಜಾ ಹಬ್ಬಿದ 1918 ಆಗಬಹುದು. ಆ ಊರಿನ ಮರಣ ಪುಸ್ತಕ ಉಳಿದಿದ್ದರೆ ಸಾವುಗಳು ಒಮ್ಮೆಗೇ ಏರಿದ ತಿಂಗಳೇ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಪ್ಲೇಗಿನಮ್ಮನ ಗುಡಿ ಕಟ್ಟಿದ ಕಾಲವನ್ನು ಊಹಿಸಲೂ ಇದು ನೆರವಾಗುತ್ತದೆ.

ಮದುವೆಯ ವಿಷಯದಲ್ಲಿ ಸರಕಾರಿ ದಾಖಲೆ ದುರ್ಬಲ. ನೋಂದಣಿಯಾಗದ ಮದುವೆಗಳೇ ಬಹಳ. ಲಗ್ನಪತ್ರಿಕೆಗಳು ಹಾಗೂ ಮುಯ್ಯಿ ಬರೆದಿಟ್ಟ ಪುಸ್ತಕಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗುತ್ತವೆ. ಯಾವ ಊರಿನಿಂದ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬ ಪಟ್ಟಿ ಬೀಗತನದ ವ್ಯಾಪ್ತಿಯನ್ನೇ ತೋರಿಸುತ್ತದೆ. ಹೆಣ್ಣುಮಕ್ಕಳು ಹೋಗಿ ಸೇರಿದ ಊರುಗಳ ಹೆಸರು ಸಿಗುವುದು ಹೆಚ್ಚಾಗಿ ಇಂತಹ ಪಟ್ಟಿಗಳಲ್ಲಿಯೇ.

ಇವು ಸತ್ತವರ ದಾಖಲೆಗಳಾದರೂ ಬದುಕಿರುವವರಿಗೆ ಸಂಬಂಧಿಸಿದವು. ಮರಣ ದಾಖಲೆಯ ಪ್ರತಿಯಲ್ಲಿ ಸಾವಿನ ಕಾರಣವನ್ನು ಬಹಿರಂಗಪಡಿಸುವಂತಿಲ್ಲ ಎಂದು 1969ರ ಕಾಯ್ದೆಯೇ ವಿಧಿಸಿದೆ. ಕಾನೂನು ತೋರಿದ ಈ ಸಂಕೋಚ ಸಂಶೋಧನ ಪ್ರಬಂಧದಲ್ಲಿಯೂ ಇರಬೇಕು. ಮನೆತನಗಳ ಹೆಸರನ್ನು ಮರೆಸಿ ಬರೆಯುವುದರಿಂದ ವಿಶ್ಲೇಷಣೆಯ ಮೌಲ್ಯವೇನೂ ಕುಗ್ಗದು. ಹಾಳೆಗಳು ಶಿಥಿಲವಾಗುತ್ತಿರುವಾಗ, ಹೇಳುವ ಹಿರಿಯರೂ ವಿರಳವಾಗುತ್ತಿರುವಾಗ, ಎರಡನ್ನೂ ಒಟ್ಟಿಗೆ ಓದುವ ತರಬೇತಿ ಸ್ನಾತಕೋತ್ತರ ಹಂತದಲ್ಲಿಯೇ ದೊರೆಯುವುದು ಅಗತ್ಯ.