ಕಾರು ನಿಂತರೆ ಮೊದಲು ಪಂಪಿನ ಸದ್ದು ಕೇಳಿ

ಅವತ್ತು ಅಪ್ಪನಿಗೆ ಜಯದೇವ ಆಸ್ಪತ್ರೆಯಲ್ಲಿ ಬೆಳಗ್ಗೆ ಹತ್ತಕ್ಕೆ ಎಕೋ ಟೆಸ್ಟ್ ಇತ್ತು. ಬನಶಂಕರಿಯಿಂದ ಹೊರಟು ಇನ್ನೇನು ರಾಗಿಗುಡ್ಡ ದಾಟಬೇಕು, ಅಷ್ಟರಲ್ಲಿ ಕಾರು ಎರಡು ಸಲ ಜಗ್ಗಿ ಆಫ್ ಆಯ್ತು. ಕೀ ತಿರುಗಿಸಿದರೆ ಸೆಲ್ಫ್ ಹೊಡೀತಿದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಹಿಂದಿನಿಂದ ಹಾರ್ನೋ ಹಾರ್ನು. ಗಾಬರಿಯಲ್ಲಿ ಏಳೆಂಟು ಸಲ ಸೆಲ್ಫ್ ಹೊಡೆದೆ.

"ಸಾಕು ಬಿಡಮ್ಮ, ಬ್ಯಾಟರಿನೂ ಹೋಗುತ್ತೆ" ಅಂದರು ಅಪ್ಪ.

ಯಾರೋ ಇಬ್ಬರು ಬೈಕ್ ನಿಲ್ಲಿಸಿ, ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ಅಪ್ಪ, ಅಮ್ಮನನ್ನು ಆಟೋ ಹತ್ತಿಸಿ, ಹಜಾರ್ಡ್ ಲೈಟ್ ಹಾಕಿ, ಜೆ.ಪಿ. ನಗರದ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಮೇಡಂ, ಸೆಲ್ಫ್ ಹೊಡೀಬೇಡಿ. ಕೀ ಬರೀ ಆನ್ ಮಾಡಿ. ಹಿಂದಿನ ಸೀಟಿನ ಹತ್ರ 'ಗುಂಯ್' ಅಂತ ಸದ್ದು ಬರುತ್ತಾ?"

ಬರಲಿಲ್ಲ.

ನಮ್ಮ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಫ್ಯೂಯಲ್ ಪಂಪ್ ಇರೋದು ಟ್ಯಾಂಕಿನ ಒಳಗೇ, ಹಿಂದಿನ ಸೀಟಿನ ಕೆಳಗೆ. ಕೀ ಆನ್ ಆದ ಕೂಡಲೇ ಅದು ಎರಡು ಮೂರು ಸೆಕೆಂಡ್ ಓಡಿ ಪೈಪಿನಲ್ಲಿ ಪ್ರೆಷರ್ ಕಟ್ಟುತ್ತೆ. ಆ ಸದ್ದು ಕೇಳಿಸಿದರೆ ಪಂಪಿಗೆ ಕರೆಂಟ್ ಬರ್ತಿದೆ ಅಂತ ಅರ್ಥ. ಆಗ ಪ್ರೆಷರ್, ಫಿಲ್ಟರ್, ಸ್ಪಾರ್ಕ್ ನೋಡಬೇಕು. ಕೇಳಿಸದಿದ್ದರೆ ಪಂಪೇ ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಮೊದಲು ಫ್ಯೂಸ್, ಆಮೇಲೆ ರಿಲೇ.

ಯಾವ ಫ್ಯೂಸ್ ಎಲ್ಲಿದೆ ಅಂತ ಫ್ಯೂಸ್ ಬಾಕ್ಸ್ ಮುಚ್ಚಳದಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಇರುತ್ತೆ. ಕೀ ಆಫ್ ಮಾಡಿ ಫ್ಯೂಸ್ ಕಿತ್ತು ನೋಡಿ. ಒಳಗಿನ ತಂತಿ ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಫ್ಯೂಸ್ ಸರಿ ಇದ್ದರೆ, ಹಾರ್ನಿನದೋ ಬೇರೆ ಯಾವುದರದೋ ಅದೇ ನಂಬರಿನ ರಿಲೇ ತೆಗೆದು ಪಂಪಿನ ಜಾಗಕ್ಕೆ ಹಾಕಿ ನೋಡಬಹುದು. ಸದ್ದು ಬಂತೋ, ಸಾವಿರಾರು ರೂಪಾಯಿಯ ಪಂಪ್ ಉಳೀತು.

ನನಗೆ ಆ ಅದೃಷ್ಟ ಇರಲಿಲ್ಲ. ಮೆಕ್ಯಾನಿಕ್ ಬಂದು ಪಂಪಿನ ಕನೆಕ್ಟರ್‌ಗೆ ಮೀಟರ್ ಇಟ್ಟರು. ಕೀ ಆನ್ ಮಾಡಿದಾಗ 12 ವೋಲ್ಟ್ ಬರ್ತಿದೆ, ಪಂಪ್ ತಿರುಗ್ತಿಲ್ಲ. ಟ್ಯಾಂಕಿನ ಕೆಳಗೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. 'ಗುಂಯ್!' "ಇದು ಗ್ಯಾರೇಜ್ ಮುಟ್ಟೋಕೆ ಮಾತ್ರ ಮೇಡಂ, ರಿಪೇರಿ ಅಲ್ಲ" ಅಂದರು.

ಗ್ಯಾರೇಜಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ್ಲೂ ರಿಸರ್ವ್‌ನಲ್ಲೇ ಓಡಿಸ್ತೀರಾ?"

ಹೌದು. ದೀಪ ಹತ್ತಿದ ಮೇಲೆ ಐನೂರು ರೂಪಾಯಿಗೆ ಹಾಕಿಸೋದು ನನ್ನ ಹಳೇ ಅಭ್ಯಾಸ. ಆದರೆ ಪಂಪಿನ ಮೋಟಾರನ್ನು ತಣ್ಣಗಿಡೋದೇ ಅದರ ಸುತ್ತ ಇರುವ ಪೆಟ್ರೋಲ್. ಟ್ಯಾಂಕ್ ಖಾಲಿ ಇಟ್ಟುಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತರೆ ಮೋಟಾರ್ ಕಾಯುತ್ತೆ, ಬೇಗ ಸವೆಯುತ್ತೆ.

ಹಾಗಂತ ತಪ್ಪು ಯಾವಾಗಲೂ ನಮ್ಮದೇ ಆಗಿರಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಮಾರುತಿ ಸುಜುಕಿ 11,851 ಬಲೆನೊ, 4,190 ವ್ಯಾಗನ್ ಆರ್ ಕಾರುಗಳನ್ನು ಪಂಪ್ ಮೋಟಾರಿನ ದೋಷದ ಶಂಕೆಯಿಂದ ವಾಪಸ್ ಕರೆಸಿತ್ತು. ಅದೇ ಅಕ್ಟೋಬರ್‌ನಲ್ಲಿ ಹೋಂಡಾ 90,468 ಹಳೆಯ ಕಾರುಗಳ ಪಂಪ್ ಉಚಿತವಾಗಿ ಬದಲಿಸುವುದಾಗಿ ಹೇಳಿತು. ನನ್ನ ಕಾರು ಇಂಥ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಿಮ್ಮದು ಇರಬಹುದು. ದುಡ್ಡು ಕೊಡುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಆರ್‌ಸಿಯಲ್ಲಿರುವ ಚಾಸಿ ನಂಬರ್ ಹಾಕಿ ನೋಡಿ.

ಒಂದು ಎಚ್ಚರಿಕೆ: ಪೆಟ್ರೋಲ್ ವಾಸನೆ ಬಂದರೆ ಕೀ ಆಫ್ ಮಾಡಿ ಎಲ್ಲರೂ ಕಾರಿನಿಂದ ಇಳಿದು ದೂರ ನಿಲ್ಲಿ. ಟ್ಯಾಂಕಿನ ಮೇಲಿನ ಮುಚ್ಚಳವನ್ನು ನೀವೇ ಬಿಚ್ಚೋಕೆ ಹೋಗಬೇಡಿ.

ಅಪ್ಪನ ಟೆಸ್ಟ್ ಹೊತ್ತಿಗೆ ಸರಿಯಾಗಿಯೇ ಆಯ್ತು, ರಿಪೋರ್ಟೂ ಚೆನ್ನಾಗಿದೆ. ಈಗ ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿಯೋಕೆ ನಾನು ಬಿಡಲ್ಲ. ಬಿಟ್ಟರೂ ಅಪ್ಪ ಬಿಡಲ್ಲ. ಕಾರಲ್ಲಿ ಕೂತ ತಕ್ಷಣ ಅವರ ಕಣ್ಣು ಹೋಗೋದು ಪೆಟ್ರೋಲ್ ಮುಳ್ಳಿನ ಕಡೆಗೇ.