ಗಡಿನಾಡಿನ ಸಭಾಪಾಲಕನಿಗೆ ಯಾವ ಭಾಷೆಯ ಪಾಠ?

ಕಾಸರಗೋಡಿನ ನಮಗೆ ಲೋಹಾರಾ ದೂರದ ಊರು; ಅದರ ಕಷ್ಟ ಮಾತ್ರ ದೂರದ್ದಲ್ಲ. ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಶಾಲೆ ಕಚೇರಿಗಳಲ್ಲಿ ಮರಾಠಿ ಎಂಬಂತಹ ಕುಟುಂಬಗಳಿವೆ. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಅದೇ ದಿನ ನಾವು ಕೇರಳಕ್ಕೆ.

ಇಂತಹ ಸೀಮೆಯ ಕ್ರೈಸ್ತ ಸಭೆಗೆ ಬರುವ ಪಾಲಕ ಎಲ್ಲಿ, ಯಾವ ಭಾಷೆಯಲ್ಲಿ ಕಲಿತು ಬರಬೇಕು? ಮದುವೆಗೂ ಮಣ್ಣಿಗೂ ಆತನೇ ಬೇಕು. ಸಾವಿನ ಮನೆಯಲ್ಲಿ ಅಜ್ಜಿಗೆ ಹೇಳುವ ಸಾಂತ್ವನ ಅಜ್ಜಿಯ ಮಾತಿನಲ್ಲೇ ಇರಬೇಕಷ್ಟೆ. ಹಾಗೆಂದು ಭಕ್ತಿ, ಒಳ್ಳೆಯ ಕಂಠ ಇಷ್ಟೇ ಸಾಲವು. ವೇದಗ್ರಂಥವನ್ನು ಕಾಲ, ಸಂದರ್ಭ ತಿಳಿದು ವಿವರಿಸಲು ಬಾರದವನು ತನಗೆ ತೋಚಿದ್ದನ್ನೇ ದೇವರ ಮಾತೆಂದು ಸಾರುವ ಅಪಾಯವಿದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿಗೆ ಇದು ಬೇಗನೆ ಮನವರಿಕೆಯಾಯಿತು. 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರೇ 1847ರಲ್ಲಿ ಬಲ್ಮಠದಲ್ಲಿ ದೈವಶಾಸ್ತ್ರದ ಸೆಮಿನರಿಯನ್ನು ಆರಂಭಿಸಿದರು. 1844ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಗುರುಪಟ್ಟ ಪಡೆದು ಮರಳಿ, ಇಲ್ಲಿಯ ಸೆಮಿನರಿಯಲ್ಲಿ ಪಾಠ ಹೇಳಿದರು. ಕಡಲು ದಾಟಿ ಪಡೆದ ವಿದ್ಯೆ ಊರಿನ ಮಾತಿಗೆ ಇಳಿದದ್ದು ಹೀಗೆ. ಬಲ್ಮಠದ ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ಒಂದುಗೂಡಿ 1965ರಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆಯಿತು. ನಮ್ಮ ಮಂಜೇಶ್ವರದವರಿಗೆ ಅದು ಬಸ್ಸಿನ ದಾರಿ. ಲೋಹಾರಾದ ಹುಡುಗನಿಗೆ?

ಹೊಲ, ಹೆಂಡತಿ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಪಟ್ಟಣದಲ್ಲಿ ಕುಳಿತು ಓದಲು ಎಲ್ಲರಿಗೂ ಆಗದು. ಈ ತೊಡಕಿಗೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಪ್ರೆಸ್ಬಿಟೇರಿಯನ್ನರು 1963ರಲ್ಲಿ ಒಂದು ದಾರಿ ಕಂಡರು. ವಿದ್ಯಾರ್ಥಿ ಊರಲ್ಲೇ ದುಡಿಯುತ್ತಾ ಪಾಠ ಓದುವುದು, ಗುರುವೇ ಆತನ ಸಮೀಪಕ್ಕೆ ಬಂದು ಸಂಶಯ ತಿಳಿಸುವುದು. ಅದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟ್ಯಾಫ್ಟಿ ಎಂಬ ಸಂಸ್ಥೆ ಹುಟ್ಟಿತು.

ಗಡಿಗೆ ಒಪ್ಪುವ ಕ್ರಮ ಇದೇ ಎಂದು ನಮ್ಮ ಎಣಿಕೆ. ಆದರೆ ಒಂದು ತೊಡಕು ಉಳಿಯುತ್ತದೆ. ಮರಾಠಿ ಶಾಲೆಯಲ್ಲಿ ಓದಿದ ಹುಡುಗನಿಗೆ ಕನ್ನಡ ಮಾತು ಬಂದರೂ ಕನ್ನಡ ಅಕ್ಷರ ಬಾರದು. ಅಂಚೆಯಲ್ಲಿ ಪಾಠ ಕಳುಹಿಸುವವರು ಮೊದಲ ಕಟ್ಟಿನೊಂದಿಗೆ ಒಂದು ಬಾಲಬೋಧೆಯನ್ನೂ ಇಟ್ಟು ಕಳುಹಿಸಬೇಕಾದೀತು.