ಒಬ್ಬರ ಹೊಟ್ಟೆ, ವಾರದ ಚೀಟಿ: ರೊಕ್ಕ ಸೋರುವುದೆಲ್ಲಿ?

ಸಿಂಧನೂರು, ಮಸ್ಕಿ, ಲಿಂಗಸುಗೂರು. ಒಂದೇ ಹೆದ್ದಾರಿಗೆ ಪೋಣಿಸಿದ ಮೂರು ಊರು. ಈ ದಾರಿಯ ಬಸ್ಸುಗಳಲ್ಲಿ ದಿನಾ ಓಡಾಡುವ ಒಂದು ಜಾತಿಯ ಜನ ಇದ್ದಾರೆ. ಶಾಲೆಯ ಮಾಸ್ತರು, ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ನರ್ಸಮ್ಮಂದಿರು, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಹಟ್ಟಿ ಚಿನ್ನದ ಗಣಿಯ ಪಾಳಿಗೆ ಹೋಗುವವರು, ಪರೀಕ್ಷೆಗೆ ಓದಲು ಬಂದ ಹುಡುಗರು. ಇವರ ಸಂಸಾರ ಒಂದೂರು, ಹೊಟ್ಟೆ ಇನ್ನೊಂದೂರು. ಬಾಡಿಗೆ ಖೋಲಿ, ಒಂದು ಒಲೆ, ನಾಲ್ಕು ಡಬ್ಬಿ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿ-ತಾತಂದಿರನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ಇವರೆಲ್ಲರದೂ ಒಂದೇ ರಾಗ: "ಒಬ್ಬವ್ನೇ ಅದೀನ್ರೀ, ಎಷ್ಟು ತಿಂದೇನು? ಆದ್ರೂ ವಾರ ತುಂಬದ್ರಾಗ ಕಿಸೆ ಖಾಲಿ!"

ಮಾತಿನಲ್ಲಿ ಸುಳ್ಳಿಲ್ಲ. ನಾಲ್ಕು ಮಂದಿಯ ಮನೆಯ ಖರ್ಚನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬರ ಖರ್ಚು ಬರುತ್ತದೆ ಎಂದು ಲೆಕ್ಕದ ಮಾಸ್ತರರು ಹೇಳಿಯಾರು. ಕಿರಾಣಿ ಅಂಗಡಿ ಈ ಲೆಕ್ಕ ಒಪ್ಪುವುದಿಲ್ಲ. ದೊಡ್ಡ ಚೀಲ ತಂದರೆ ನುಸಿ, ಸಣ್ಣ ಪೊಟ್ಟಣ ತಂದರೆ ದುಬಾರಿ. ಈ ಎರಡರ ನಡುವೆ ಸಿಕ್ಕವರು ಕೊನೆಗೆ ಏನು ಕಡಿಮೆ ಮಾಡುತ್ತಾರೆ? ಹಾಲು ಬಿಡುತ್ತಾರೆ, ಕಾಳು ಬಿಡುತ್ತಾರೆ, ಪಲ್ಯ ಬಿಡುತ್ತಾರೆ. ರಾತ್ರಿ ಊಟಕ್ಕೆ ಮಂಡಾಳು ಒಗ್ಗರಣಿ, ಮಿರ್ಚಿ, ಒಂದು ಚಹಾ. ರೊಕ್ಕವೇನೋ ಉಳಿಯಿತು, ರಕ್ತ ಹೋಯಿತು! ಬಿಲ್ಲು ಇಳಿಯಬೇಕು, ಹೊಟ್ಟೆ ಇಳಿಯಬಾರದು. ಅದಕ್ಕೆ ದಾರಿ ಉಂಟೇ?

ಉಂಟು. ಆದರೆ ಅದು ಅಗ್ಗದ ಅಂಗಡಿ ಹುಡುಕುವ ದಾರಿಯಲ್ಲ, ಅಳತೆಯ ದಾರಿ.

ಮೊದಲು ಹೊಟ್ಟೆಯ ಅಳತೆ

ಒಬ್ಬರಿಗೆ ವಾರಕ್ಕೆ ಎಷ್ಟು ಬೇಕು? ಬಹಳ ಮಂದಿ ಇದನ್ನು ಅಂದಾಜಿನ ಮೇಲೆ ತರುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಆಹಾರದ ಮಾರ್ಗಸೂಚಿ ಹೊರಡಿಸಿದ್ದಾರೆ. ಸುಮಾರು 2,000 ಕ್ಯಾಲೊರಿಯ ಊಟಕ್ಕೆ ಅವರು ಹೇಳುವ ದಿನದ ಪಾಲು ಹೀಗಿದೆ: ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿ, ಶೇಂಗಾ-ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ಹಮಾಲಿ, ಗಣಿಯಂಥ ಮೈಮುರಿ ಕೆಲಸದವರಿಗೆ ಇದಕ್ಕಿಂತ ಹೆಚ್ಚು ಬೇಕು, ಆ ಮಾತು ಬೇರೆ.

ಏಳರಿಂದ ಗುಣಿಸಿ. ವಾರದ ಚೀಟಿ ತಾನೇ ಸಿದ್ಧವಾಗುತ್ತದೆ:

ಜೋಳ, ಅಕ್ಕಿ ಕೂಡಿ: ಒಂದೂ ಮುಕ್ಕಾಲು ಕಿಲೋ
ಬೇಳೆ-ಕಾಳು: 600 ಗ್ರಾಂ
ತರಕಾರಿ, ಸೊಪ್ಪು: 2 ಕಿಲೋ 800 ಗ್ರಾಂ
ಹಣ್ಣು: 700 ಗ್ರಾಂ
ಹಾಲು: ಅರ್ಧ ಲೀಟರಿನ 4 ಪಾಕೀಟು
ಶೇಂಗಾ, ಎಳ್ಳು: ಪಾವ್ ಕಿಲೋ
ಎಣ್ಣೆ: 190 ಗ್ರಾಂ

ಈ ಚೀಟಿಯನ್ನು ನಿಮ್ಮ ಡಬ್ಬಿಗಳ ಪಕ್ಕ ಇಟ್ಟು ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ದಿನಕ್ಕೆ 27 ಗ್ರಾಂನಂತೆ ಅದು ಒಬ್ಬರಿಗೆ 33 ದಿನ ಬರಬೇಕು. ನಿಮ್ಮದು ಹದಿನೈದು ದಿನಕ್ಕೇ ಮುಗಿಯುತ್ತಿದೆಯೇ? ಹಾಗಾದರೆ ಒಂದು ಸೋರಿಕೆ ಸಿಕ್ಕಿತು ಎಂದೇ ತಿಳಿಯಿರಿ. ಕಿಸೆಗೂ ನಷ್ಟ, ಎದೆಗೂ ನಷ್ಟ.

26 ಕಿಲೋ ಚೀಲದ ಮಾಯೆ

ಸಿಂಧನೂರೆಂದರೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ, ಸಾಲು ಸಾಲು ರೈಸ್ ಮಿಲ್ಲು. ಇಂಥ ಊರಲ್ಲಿದ್ದು ಅಕ್ಕಿಯನ್ನು ಪಾವ್ ಕಿಲೋ ಲೆಕ್ಕದಲ್ಲಿ ತರುವುದೇ ಎಂದು ಕೆಲವರಿಗೆ ನಾಚಿಕೆ. ಚೀಲವನ್ನೇ ಹೊತ್ತು ತರುತ್ತಾರೆ. ಅದೂ 26 ಕಿಲೋ ಚೀಲ. ಇಪ್ಪತ್ತೈದರ ಚೀಲಕ್ಕೆ ಒಂದು ಕಿಲೋ ಜಾಸ್ತಿ ಏಕೆ ಬಂತು ಗೊತ್ತೇ? 2022ರ ಜುಲೈ 18ರಿಂದ, ಮೊದಲೇ ತೂಗಿ ಕಟ್ಟಿ ಚೀಟಿ ಹಚ್ಚಿದ 25 ಕಿಲೋ ಒಳಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡಾ 5 ಜಿಎಸ್‌ಟಿ ಬಿತ್ತು. ಚೀಲ 25 ದಾಟಿದರೆ ಈ ತೆರಿಗೆ ಇಲ್ಲ. ವ್ಯಾಪಾರ ಜಾಣ, ಚೀಲ ಒಂದು ಕಿಲೋ ಬೆಳೆಯಿತು.

ಒಬ್ಬರ ಲೆಕ್ಕ ಈಗ ಹಾಕೋಣ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಎಂದರೆ ದಿನಕ್ಕೆ ಅಕ್ಕಿ 125 ಗ್ರಾಂ. ಆ ಚೀಲ 208 ದಿನ ಬರುತ್ತದೆ, ಅಂದರೆ ಹತ್ತಿರ ಹತ್ತಿರ ಏಳು ತಿಂಗಳು! ಅಷ್ಟರೊಳಗೆ ನಮ್ಮ ರಾಯಚೂರು ಜಿಲ್ಲೆಯ ಬ್ಯಾಸಗಿ ಬಂದು ಹೋಗುತ್ತದೆ, ಮಳೆಗಾಲವೂ ಇಣುಕುತ್ತದೆ. ಬೇವಿನೆಲೆ ಹಾಕಿದರೂ ನುಸಿಯ ಕಾಟ ತಪ್ಪಿದ್ದಲ್ಲ. ಇಬ್ಬರು ಮೂವರು ಕೂಡಿ ಚೀಲ ಒಡೆದು ಹಂಚಿಕೊಂಡರೆ ಸರಿ. ಇಲ್ಲವಾದರೆ ಬಿಡಿಯಾಗಿ ತೂಗಿಸಿಕೊಳ್ಳುವುದೇ ಮೇಲು.

ಇಲ್ಲೇ ಒಂಟಿ ಗಿರಾಕಿಗೆ ಒಂದು ಲಾಭವಿದೆ. ಅಂಗಡಿಕಾರರು ಮೂಟೆಯಿಂದ ತೆಗೆದು ನಿಮ್ಮ ಕಣ್ಣೆದುರೇ ತೂಗಿ ಕೊಡುವ ಬಿಡಿ ಬೇಳೆಗೂ ಬಿಡಿ ಅಕ್ಕಿಗೂ ಆ ಶೇಕಡಾ 5 ತೆರಿಗೆ ಇಲ್ಲ. ಸೇರು-ಛಟಾಕಿನ ಕಾಲ ಮುಗಿದರೂ ನಮ್ಮ ಕಡೆ "ಪಾವ್ ಕಿಲೋ ಬ್ಯಾಳಿ ಕೊಡ್ರಿ ಸಾವ್ಕಾರ್ರ" ಎನ್ನುವ ಮಾತು ಉಳಿದಿದೆ. ಒಂಟಿ ಹೊಟ್ಟೆಗೆ ಆ ಮಾತೇ ಆಸರೆ.

ತಿಂದದ್ದಕ್ಕೆ ಬಿದ್ದ ದರ

ಬಜಾರದಲ್ಲಿ ಕೂಗುವುದು ಕಿಲೋ ದರ. ನೀವು ನೋಡಬೇಕಾದದ್ದು ತಿಂದದ್ದಕ್ಕೆ ಬಿದ್ದ ದರ. ಲೆಕ್ಕಕ್ಕೆಂದು ಬದನೆಕಾಯಿ ಕಿಲೋಗೆ 40 ರೂಪಾಯಿ ಎಂದು ಹಿಡಿಯೋಣ. ಒಂದು ಕಿಲೋ ತಂದಿರಿ, ಮುಕ್ಕಾಲು ತಿಂದಿರಿ, ಪಾವ್ ಕಿಲೋ ಬಾಡಿ ತಿಪ್ಪೆಗೆ ಹೋಯಿತು. ತಿಂದದ್ದಕ್ಕೆ ಬಿದ್ದ ದರ 53 ರೂಪಾಯಿ! ಅದೇ ಅರ್ಧ ಕಿಲೋಗೆ 25 ರೂಪಾಯಿ ಕೊಟ್ಟು ತಂದು ಪೂರ್ತಿ ತಿಂದಿದ್ದರೆ ಕಿಲೋಗೆ 50 ಮಾತ್ರ. ಹೆಚ್ಚು ದರ ಕೊಟ್ಟವರೇ ಗೆದ್ದರು.

ಖೋಲಿಯಲ್ಲಿ ಫ್ರಿಜ್ ಇಲ್ಲದವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಪುಂಡಿ, ಮೆಂತ್ಯೆ, ರಾಜಗಿರಿಯಂಥ ಪಲ್ಯ ತಂದ ದಿನವೇ ಒಲೆ ಏರಲಿ. ಬದನಿ, ಬೆಂಡಿ ಎರಡು ಮೂರು ದಿನದೊಳಗೆ ಮುಗಿಯಲಿ. ಉಳ್ಳಾಗಡ್ಡಿ, ಆಲೂಗಡ್ಡಿ, ಕುಂಬಳಕಾಯಿ ವಾರದ ಕೊನೆಗೆ ಇರಲಿ. ಸಂತೆಯ ತರಕಾರಿ ಮುಗಿದ ದಿನ ಹೆಸರು, ಮಡಕಿ ಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರೆ ಮರುದಿನಕ್ಕೆ ಮೊಳಕೆ. ಅದಕ್ಕೆ ಫ್ರಿಜ್ ಬೇಡ, ದೇವರು ಕೊಟ್ಟ ಬ್ಯಾಸಗಿಯೇ ಸಾಕು.

ಜೋಳದ ಹಿಟ್ಟಿನದೂ ಇದೇ ಕಥೆ. ಹಿಟ್ಟು ಹಳತಾದಷ್ಟು ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಜೋಳ ಕಾಳಾಗಿ ಇರಲಿ, ವಾರಕ್ಕೆ ಬೇಕಾದಷ್ಟು ಗಿರಣಿಯಲ್ಲಿ ಬೀಸಿಸಿ. ರೊಟ್ಟಿ ಬಡಿಯಲು ಬಾರದವರು ಖಡಕ್ ರೊಟ್ಟಿ ತಂದಿಟ್ಟುಕೊಂಡರೆ ವಾರವೆಲ್ಲ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಬಟ್ಟಲು ಮೊಸರು. ಇದು ಬಡವರ ಊಟವೆಂದು ಮೂಗು ಮುರಿಯಬೇಡಿ. ಮೇಲಿನ ಚೀಟಿಯ ಧಾನ್ಯ, ಶೇಂಗಾ, ಹಾಲು ಮೂರೂ ಇದರಲ್ಲಿ ಬಂದವು.

ಮೊಸರನ್ನು ಬೇರೆ ಪಾಕೀಟಿನಲ್ಲಿ ಏಕೆ ಕೊಳ್ಳುತ್ತೀರಿ? ಅರ್ಧ ಲೀಟರ್ ಹಾಲು ಕಾಸಿ, ಅರ್ಧ ಚಹಾಕ್ಕೂ ಕುಡಿಯಲಿಕ್ಕೂ ಆಗಲಿ, ಉಳಿದದ್ದಕ್ಕೆ ರಾತ್ರಿ ಹೆಪ್ಪು ಹಾಕಿ. ಒಂದು ಪಾಕೀಟಿನಲ್ಲಿ ಎರಡು ದಿನ ಕಳೆಯಿತು.

ಪೊಟ್ಟಣದ ಸಣ್ಣ ಅಕ್ಷರ

ಬಿಡಿ ಸಿಗದ ಮಾಲು ಪೊಟ್ಟಣದಲ್ಲೇ ಕೊಳ್ಳಬೇಕು. ಅಲ್ಲಿ ಕಣ್ಣು ಚುರುಕಾಗಿರಲಿ. ಮೊದಲು ಎಣ್ಣೆ, ಚಹಾಪುಡಿ, ಬಿಸ್ಕೀಟು, ಸಾಬೂನು ಮುಂತಾದವನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ಸರ್ಕಾರಿ ಪಟ್ಟಿ ಇತ್ತು. 2021ರಲ್ಲಿ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ತಿದ್ದುಪಡಿ ತಂದು ಆ ಪಟ್ಟಿಯನ್ನೇ ತೆಗೆದುಹಾಕಿದರು. ಅಲ್ಲಿಂದಾಚೆ ಯಾವ ತೂಕವಾದರೂ ನಡೆಯುತ್ತದೆ. ಲೀಟರಿನಂತೆಯೇ ಕಾಣುವ ಎಣ್ಣೆ ಪಾಕೀಟನ್ನು ತಿರುಗಿಸಿ ನೋಡಿದರೆ 910 ಗ್ರಾಂ ಬದಲು 850 ಎಂದಿರಬಹುದು. ಮೋಸವೆನ್ನುವಂತಿಲ್ಲ, ಬರೆದೇ ಇರುತ್ತದೆ. ಓದದವರದೇ ತಪ್ಪು!

ಹಾಲಿನ ಪಾಕೀಟನ್ನೇ ನೋಡಿ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ 550 ಮಿಲಿ ಆಯಿತು, ದರ 2 ರೂಪಾಯಿ ಏರಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 500 ಮಿಲಿಗೆ ಬಂತು, ಲೀಟರಿಗೆ 4 ರೂಪಾಯಿ ಏರಿತು. ಅಳತೆ ನೋಡದೆ ದರ ಮಾತ್ರ ನೋಡಿದವರಿಗೆ ಅರ್ಧ ಸುದ್ದಿಯಷ್ಟೇ ತಿಳಿದಂತೆ.

ಅದೇ ತಿದ್ದುಪಡಿ ಗಿರಾಕಿಯ ಕೈಗೆ ಒಂದು ಆಯುಧವನ್ನೂ ಕೊಟ್ಟಿತು. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಅಚ್ಚು ಹಾಕಬೇಕು. ಧನಿಯಾಪುಡಿ 100 ಗ್ರಾಂಗೆ 30 ರೂಪಾಯಿ, 250 ಗ್ರಾಂಗೆ 65 ಎಂದಿಟ್ಟುಕೊಳ್ಳಿ. ಗ್ರಾಂಗೆ 30 ಪೈಸೆ ಒಂದು, 26 ಪೈಸೆ ಇನ್ನೊಂದು. ದೊಡ್ಡದು ಅಗ್ಗ, ನಿಜ. ಆದರೆ ಒಬ್ಬರು 250 ಗ್ರಾಂ ಮುಗಿಸುವಷ್ಟರಲ್ಲಿ ವಾಸನೆ ಹೋದರೆ? ಸಕ್ಕರೆ, ಉಪ್ಪು, ಸಾಬೂನು ಕೆಡುವಂಥವಲ್ಲ, ಅವು ದೊಡ್ಡವಾಗಿರಲಿ. ಮಸಾಲೆ, ಹಿಟ್ಟು, ರವಾ ಸಣ್ಣವಿರಲಿ. ದೂರು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಹಚ್ಚಬಹುದು.

ಬಸ್ ಚಾರ್ಜು, ಉದ್ರಿ, ಪಡಿತರ

"ಮಸ್ಕಿಗಿಂತ ಸಿಂಧನೂರಾಗ ಅಗ್ಗ ಐತ್ರಿ" ಎಂದು ಬಸ್ಸು ಹತ್ತುವವರಿದ್ದಾರೆ. ಹೇಗೂ ಕೆಲಸಕ್ಕೆ ಹೋಗುವ ಊರಾದರೆ ಸರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಿರುಗಾಡುವ ತಾಯಂದಿರಿಗೂ ಸರಿ. ಟಿಕೆಟ್ ತೆಗೆಸುವ ಗಂಡಸರು ಎರಡು ಕಿಲೋ ಬೇಳೆಗಾಗಿ ಹೋಗಿಬಂದರೆ ಉಳಿಸಿದ್ದು ಕಂಡಕ್ಟರನ ಚೀಲಕ್ಕೆ ಜಮಾ.

ಇನ್ನು ಉದ್ರಿ. ಖಾತೆಯಲ್ಲಿ ಬರೆಸುವವರಿಗೆ ವಾರದ ಬಿಲ್ಲೆಂಬುದೇ ಕಾಣುವುದಿಲ್ಲ, ಪಗಾರದ ದಿನ ಒಟ್ಟಿಗೇ ಕಾಣುತ್ತದೆ. ಉದ್ರಿ ಬೇಕೇ ಬೇಕೆಂದರೆ ನಿಮ್ಮದೂ ಒಂದು ಪುಸ್ತಕ ಇರಲಿ, ಶನಿವಾರಕ್ಕೊಮ್ಮೆ ಕೂಡಿಸಿ ನೋಡಿ.

ಮನೆಯಲ್ಲಿ ಆದ್ಯತಾ ಪಡಿತರ ಚೀಟಿ ಇದ್ದವರಿಗೆ ಇನ್ನೊಂದು ಮಾತು. ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ತಿಂಗಳಿಗೆ ಬರುವ 5 ಕಿಲೋ ಧಾನ್ಯಕ್ಕೆ 2023ರ ಜನವರಿಯಿಂದ ರೊಕ್ಕವಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಏರ್ಪಾಡಿನಲ್ಲಿ, ಚೀಟಿಯಲ್ಲಿ ಹೆಸರಿದ್ದವರು ತಾವು ದುಡಿಯುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತಮ್ಮ ಪಾಲು ಪಡೆಯಬಹುದು. ಉಳಿದದ್ದನ್ನು ಮನೆಯವರು ಊರಲ್ಲಿ ಪಡೆಯಬಹುದು. ತಿಂಗಳಿಗೆ 5 ಕಿಲೋ ಎಂದರೆ ಮೇಲಿನ ಚೀಟಿಯ ಧಾನ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ. ಮನೆಯವರನ್ನು ಕೇಳಿಕೊಂಡೇ ತೆಗೆಯಿರಿ, ಇಲ್ಲದಿದ್ದರೆ ಅತ್ತ ಅವ್ವನ ಡಬ್ಬಿ ಖಾಲಿಯಾದೀತು!

ಸಾವ್ಕಾರರಿಗೆ ಒಂದು ಮಾತು

ಅಂಗಡಿಕಾರ ಬಂಧುಗಳ ಕಷ್ಟವೂ ಇದೆ. ಪಾವ್ ಕಿಲೋ, ನೂರು ಗ್ರಾಂ ಎಂದು ಬರುವ ಗಿರಾಕಿಗೆ ತೂಗಲು ಹೊತ್ತು ಹಿಡಿಯುತ್ತದೆ, ಕ್ಯಾರಿಬ್ಯಾಗಿನ ಖರ್ಚು ಬೇರೆ. "ಇಷ್ಟಕ್ಕ ಯಾವ ಲಾಭಾರೀ?" ಎನ್ನುತ್ತಾರೆ. ಆದರೆ ಒಂಟಿ ಗಿರಾಕಿ ವಾರ ವಾರ ಬರುವವರು, ಚೀಲದ ಗಿರಾಕಿಯಂತೆ ಆರು ತಿಂಗಳಿಗೊಮ್ಮೆ ಮುಖ ತೋರಿಸುವವರಲ್ಲ. ದೊಡ್ಡ ಮಳಿಗೆಗಳ ಕಪಾಟಿನಲ್ಲಿ ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣ ಸಿಕ್ಕೀತು, ನೂರೈವತ್ತು ಗ್ರಾಂ ಮಡಕಿ ಕಾಳು ತೂಗಿ ಕೊಡುವವರು ಯಾರು? ನೀವೇ.

ಒಂದು ಎಚ್ಚರಿಕೆ ಮಾತ್ರ ಇರಲಿ. ಅನುಕೂಲಕ್ಕೆಂದು ಮೊದಲೇ ತೂಗಿ ಕಟ್ಟಿಟ್ಟರೆ, ಗಿರಾಕಿ ಎದುರಿಗಿಲ್ಲದಾಗ ಕಟ್ಟಿದ ಮಾಲು ಎಂದು ಅದು ಪೊಟ್ಟಣ ನಿಯಮದೊಳಗೆ ಬರುತ್ತದೆ. ತೂಕ, ಬೆಲೆ, ಕಟ್ಟಿದವರ ವಿಳಾಸ ಎಲ್ಲ ಹಚ್ಚಬೇಕಾಗುತ್ತದೆ. ಗಿರಾಕಿಯ ಎದುರೇ, ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ತೂಗಿ ಕೊಡಿ. ಚೀಲ, ಡಬ್ಬಿ ಗಿರಾಕಿಯೇ ತರಲಿ.

ಓದುಗರೇ, ಈ ಶನಿವಾರ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಡಬ್ಬಿಗಳ ಮುಚ್ಚಳ ತೆಗೆದು ಏನು ಉಳಿದಿದೆ ನೋಡಿ, ಉಳಿದದ್ದನ್ನು ಮೇಲಿನ ಚೀಟಿಯಿಂದ ಕಳೆಯಿರಿ, ಮಿಕ್ಕಿದ್ದನ್ನಷ್ಟೇ ಬರೆದುಕೊಳ್ಳಿ. ಕಾಳು ಮತ್ತು ಹಾಲಿನ ಸಾಲಿಗೆ ಕತ್ತರಿ ಬೇಡ, ಎಣ್ಣೆ ಮತ್ತು ತಿಪ್ಪೆಯ ಸಾಲಿಗೆ ಹಾಕಿ. ನಾಲ್ಕು ವಾರ ಹೀಗೆ ನಡೆಸಿ ಉಳಿತಾಯ ಎಷ್ಟಾಯಿತೆಂದು ಕೂಡಿಸಿ ನೋಡಿ. ಊರಿಗೆ ಕಳಿಸುವ ರೊಕ್ಕದ ಜೊತೆ ಅದೂ ಹೋಗಲಿ.